ಹೊಕುಸಾಯ್ ಅಲೆಯಾ, ಹಿರೋಶಿಗೆ ಮಳೆಯಾ? ಮರದ ಜಿಗ್ಸಾ ಕೊಳ್ಳುವ ಮೊದಲು

ಜಪಾನಿನ ಮರದಚ್ಚಿನ ಚಿತ್ರ ಇರುವ ಜಿಗ್ಸಾ ಪಜಲ್ ಕೊಳ್ಳಬೇಕು, ಯಾವುದು ತಗೊಳ್ಳಲಿ ಅಂತ ಗೆಳೆಯರು ಆಗಾಗ ಕೇಳುತ್ತಾರೆ. ಹೆಚ್ಚಿನವರು ಮೊದಲು ವಿಚಾರಿಸುವುದು ಕಂಪನಿ ಹೆಸರು. ಆಮೇಲೆ ಎಷ್ಟು ತುಂಡು ಅನ್ನುವುದು. ಚಿತ್ರದ ಮಾತು ಕೊನೆಗೆ ಬರುತ್ತದೆ. ನಾನು ಚಿತ್ರದಿಂದಲೇ ಶುರು ಮಾಡಿ ಅನ್ನುತ್ತೇನೆ. ಚಿತ್ರ ಯಾವುದು ಅಂತ ಗೊತ್ತಾದರೆ ಅದಕ್ಕೆ ಎಂಥ ಅಳತೆ ಸರಿ ಅಂತ ಗೊತ್ತಾಗುತ್ತದೆ. ಅಳತೆ ಗೊತ್ತಾದರೆ ಎಷ್ಟು ತುಂಡು ಬೇಕು, ಹೇಗೆ ಕತ್ತರಿಸಿರಬೇಕು ಅನ್ನುವುದು ಅರ್ಧ ತೀರ್ಮಾನ ಆದಂತೆಯೇ.

ಇದಕ್ಕೆ ಕಾರಣ ಇದೆ. ಯುರೋಪಿನ ಎಣ್ಣೆಬಣ್ಣದ ಚಿತ್ರದಲ್ಲಿ ಪ್ರತಿ ಬೆರಳಗಲಕ್ಕೂ ಬಣ್ಣ ಬದಲಾಗುತ್ತದೆ. ಯಾವ ತುಂಡು ಕೈಗೆ ಬಂದರೂ ಅದರಲ್ಲಿ ಏನಾದರೂ ಸುಳಿವು ಇರುತ್ತದೆ. ಉಕಿಯೊ-ಎ, ಅಂದರೆ ಜಪಾನಿನ ಈ ಮರದಚ್ಚಿನ ಚಿತ್ರ, ಹಾಗಲ್ಲ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಹಲಗೆ ಕೆತ್ತಿ, ಒಂದರ ಮೇಲೊಂದು ಒತ್ತಿ ಮಾಡಿದ ಚಿತ್ರ ಅದು. ಕಪ್ಪು ಗೆರೆ ಒಂದು ಹಲಗೆ, ನೀಲಿ ಇನ್ನೊಂದು, ಹಳದಿ ಮತ್ತೊಂದು. ಹಾಗಾಗಿ ಬಣ್ಣ ಸಪಾಟಾಗಿ, ಅಗಲವಾಗಿ ಹರಡಿರುತ್ತದೆ. ಆಕಾಶ ಅಂದರೆ ಬರೀ ಆಕಾಶ. ಇದೇ ಆ ಚಿತ್ರಗಳ ಚೆಲುವು. ಪಜಲ್ ಜೋಡಿಸುವವರಿಗೆ ಕಷ್ಟವೂ ಇಲ್ಲೇ ಬರುತ್ತದೆ. ಒಂದೇ ಬಣ್ಣದ ನೂರು ತುಂಡು ಮುಂದಿಟ್ಟುಕೊಂಡು ಕೂತಾಗ, ತುಂಡಿನ ಆಕಾರ ಚೆನ್ನಾಗಿಲ್ಲದಿದ್ದರೆ ಎರಡನೇ ದಿನಕ್ಕೆ ಬೇಜಾರು ಬಂದುಬಿಡುತ್ತದೆ.

ಬಹುಬಣ್ಣದ ಅಚ್ಚುಚಿತ್ರ, ಜಿಗ್ಸಾ, ಈ ಎರಡು ಕಲೆಗಳ ವಯಸ್ಸೂ ಹೆಚ್ಚುಕಡಿಮೆ ಒಂದೇ. ಎಡೊ ನಗರದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ, ಸುಜುಕಿ ಹಾರುನೊಬು ಬಹುಬಣ್ಣದ ಅಚ್ಚುಚಿತ್ರಗಳನ್ನು ತಂದದ್ದು 1765ರಲ್ಲಿ. ಅದೇ 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ನಕ್ಷೆಯನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಯಂತೆ ಕತ್ತರಿಸಿ, ಮಕ್ಕಳಿಗೆ ಭೂಗೋಳ ಕಲಿಸಲು ಮಾರಿದ. ಅದೇ ಜಿಗ್ಸಾದ ಹುಟ್ಟು. ಎರಡಕ್ಕೂ ಮರವೇ ಆಧಾರ, ಎರಡಕ್ಕೂ ಕತ್ತರಿಸುವ ಕೈಯೇ ಮುಖ್ಯ. ಹಾಗಾಗಿ ಎಡೊದ ಚಿತ್ರಕಾರ ಹೊಕುಸಾಯ್‌ನ ಚಿತ್ರ ಮತ್ತೆ ಮರದ ಮೇಲೆ ಬಂದು ಕೂತಾಗ ನನಗೆ ಅದು ತನ್ನ ಮನೆಗೆ ಬಂದ ಹಾಗೆ ಕಾಣುತ್ತದೆ.

ಯಾವ ಚಿತ್ರ?

ಎಲ್ಲರಿಗೂ ಗೊತ್ತಿರುವುದು ಹೊಕುಸಾಯ್‌ನ ಕನಗವಾ ಅಲೆ. ಸುಮಾರು 1831ರದ್ದು. ಫುಜಿ ಬೆಟ್ಟದ ಮೂವತ್ತಾರು ನೋಟಗಳು ಅನ್ನುವ ಸರಣಿಯ ಚಿತ್ರ. ಸರಣಿ ಎಷ್ಟು ಜನಪ್ರಿಯ ಆಯಿತೆಂದರೆ ಆಮೇಲೆ ಇನ್ನೂ ಹತ್ತು ಸೇರಿ 46 ಆಯಿತು, ಹೆಸರು ಮಾತ್ರ ಮೂವತ್ತಾರು ಎಂದೇ ಉಳಿಯಿತು. ಪಜಲ್ ಆಗಿ ಇದು ತುಂಬಾ ಒಳ್ಳೆಯ ಆಯ್ಕೆ, ಆದರೆ ಒಂದೇ ಸಮ ಅಲ್ಲ. ಎಡಗಡೆ ಅಲೆ, ಅದರ ಉಗುರಿನಂಥ ನೊರೆ, ಮೂರು ದೋಣಿ, ಬಗ್ಗಿ ಕೂತ ಅಂಬಿಗರು, ಇವೆಲ್ಲ ಖುಷಿಯಿಂದ ಬೇಗ ಬೇಗ ಕೂಡುತ್ತವೆ. ಅಷ್ಟಾದ ಮೇಲೆ ಉಳಿಯುವುದು ಮಣ್ಣುಬಣ್ಣದ ಖಾಲಿ ಆಕಾಶ. ನಾನು ಮೊದಲ ಸಲ ಜೋಡಿಸಿದಾಗ ಅಲೆಗೆ ಒಂದು ಸಂಜೆ ಹಿಡಿಯಿತು, ಆಕಾಶಕ್ಕೆ ಮೂರು. ಈ ಚಿತ್ರ ತಗೊಳ್ಳುವುದಾದರೆ ಆಕಾಶದ ಭಾಗದಲ್ಲಿ ತುಂಡುಗಳ ಆಕಾರ ವಿಚಿತ್ರವಾಗಿ, ಒಂದಕ್ಕಿಂತ ಒಂದು ಬೇರೆಯಾಗಿ ಇದೆಯಾ ಅಂತ ನೋಡಿಯೇ ತಗೊಳ್ಳಿ.

ಅದೇ ಸರಣಿಯ ಕೆಂಪು ಫುಜಿ ಇನ್ನೂ ಕಷ್ಟ. ಒಂದು ಬೆಟ್ಟ, ಒಂದು ಆಕಾಶ, ಬುಡದಲ್ಲಿ ಕಾಡಿನ ಹಸಿರು ಚುಕ್ಕೆ. ಅಷ್ಟೇ. ಗೋಡೆ ಮೇಲೆ ನೋಡಲು ಇದಕ್ಕಿಂತ ಚೆಂದದ ಚಿತ್ರ ಕಡಿಮೆ. ಆದರೆ ಮೊದಲ ಪಜಲ್ ಆಗಿ ಬೇಡ. ನಾಲ್ಕೈದು ಪಜಲ್ ಮಾಡಿ ಕೈ ಪಳಗಿದ ಮೇಲೆ, ಆಕಾರ ನೋಡಿಯೇ ತುಂಡು ಹುಡುಕುವ ರುಚಿ ಹತ್ತಿದವರಿಗೆ ಇದು.

ನನ್ನ ಮನಸ್ಸಿಗೆ ತೀರಾ ಹತ್ತಿರವಾದದ್ದು ಹಿರೋಶಿಗೆಯ ಮಳೆ. 1857ರ ಚಿತ್ರ, ಎಡೊದ ನೂರು ಹೆಸರಾಂತ ನೋಟಗಳು ಸರಣಿಯದ್ದು. ಶಿನ್-ಓಹಾಶಿ ಸೇತುವೆ ಮೇಲೆ ಧಿಡೀರ್ ಅಂತ ಮಳೆ ಹೊಡೆದಿದೆ. ಜನ ಕೊಡೆ, ಚಾಪೆ ತಲೆ ಮೇಲೆ ಹಿಡಿದು ಓಡುತ್ತಿದ್ದಾರೆ. ಹೊಳೆಯಲ್ಲಿ ಒಬ್ಬನೇ ತೆಪ್ಪ ನೂಕುತ್ತಿದ್ದಾನೆ. ಪಜಲ್ ಜೋಡಿಸುವಾಗ ಈ ಚಿತ್ರದ ಗುಟ್ಟು ತಿಳಿಯುತ್ತದೆ. ಮಳೆಯ ಸಣ್ಣ ಕಪ್ಪು ಗೆರೆ ಹೆಚ್ಚುಕಡಿಮೆ ಎಲ್ಲ ತುಂಡಿನ ಮೇಲೂ ಹಾದು ಹೋಗಿರುತ್ತದೆ. ಹಾಗಾಗಿ ತುಂಡು ಕೈಗೆತ್ತಿಕೊಂಡ ಕೂಡಲೇ ಯಾವ ಕಡೆ ಓರೆ ಮಾಡಬೇಕು ಅಂತ ಮಳೆಯೇ ಹೇಳಿಬಿಡುತ್ತದೆ! ಇನ್ನೂ ಹತ್ತಿರದಿಂದ ನೋಡಿದರೆ ಗೆರೆಗಳು ಎರಡು ಬೇರೆ ಓರೆಯಲ್ಲಿವೆ. ಒಂದು ಓರೆ ಒಂದು ಹಲಗೆ, ಇನ್ನೊಂದು ಓರೆ ಇನ್ನೊಂದು ಹಲಗೆ. ನಮ್ಮ ಮಲೆನಾಡಿನಲ್ಲಿ ಜಡಿಮಳೆ ಗಾಳಿಗೆ ಸಿಕ್ಕಿ ಸೀಳಿದಂತೆ ಕಾಣುತ್ತದಲ್ಲ, ಹಾಗೇ. ಗೋಡೆ ಮೇಲಿನ ಚಿತ್ರದಲ್ಲಿ ಇದು ನನಗೆ ಕಂಡೇ ಇರಲಿಲ್ಲ. ತುಂಡು ತುಂಡಾಗಿ ಕೈಯಲ್ಲಿ ಹಿಡಿದಾಗ ಕಂಡಿತು.

ಅದೇ ಸರಣಿಯ ಕಾಮೆಯ್ದೊ ತೋಟದ ಪ್ಲಮ್ ಮರವೂ ಬಹಳ ಒಳ್ಳೆಯದು. ಮುಂದುಗಡೆ ದಪ್ಪ ಕೊಂಬೆಗಳು ಇಡೀ ಚಿತ್ರವನ್ನು ಸಣ್ಣ ಸಣ್ಣ ಕಿಟಕಿಗಳಾಗಿ ಒಡೆದಿವೆ. ಒಂದೊಂದು ಕಿಟಕಿಯೂ ಒಂದು ಪುಟ್ಟ ಪಜಲ್. ಮೊದಲು ಕೊಂಬೆ ಕೂಡಿಸಿ, ಆಮೇಲೆ ಒಂದೊಂದೇ ಕಿಟಕಿ ತುಂಬುತ್ತಾ ಹೋಗಬಹುದು. ವ್ಯಾನ್ ಗೋ 1887ರಲ್ಲಿ ಈ ಮಳೆಯನ್ನೂ ಈ ಮರವನ್ನೂ ಎಣ್ಣೆಬಣ್ಣದಲ್ಲಿ ನಕಲು ಮಾಡಿದ್ದ. ಮೊದಲ ಸಲ ಕೊಳ್ಳುವವರಿಗೆ ಈ ಎರಡರಲ್ಲಿ ಒಂದನ್ನು ನಾನು ಧೈರ್ಯವಾಗಿ ಹೇಳುತ್ತೇನೆ.

ಕುನಿಯೋಶಿ ಬೇರೆಯೇ ಲೋಕ. ತಕಿಯಾಶಾ ಮಾಟಗಾತಿ ಕರೆಸಿದ ದೊಡ್ಡ ಅಸ್ಥಿಪಂಜರದ ಚಿತ್ರ 1840ರ ದಶಕದ್ದು, ಮೂರು ಹಾಳೆ ಸೇರಿ ಒಂದು. ಎಲುಬು, ಕತ್ತಲು, ಹರಿದ ಬಿದಿರಿನ ಪರದೆ, ಬಟ್ಟೆಯ ವಿನ್ಯಾಸ, ಎಲ್ಲ ಇದೆ. ಜಾಸ್ತಿ ತುಂಡು ಬೇಕು ಅನ್ನುವವರಿಗೆ ಇದೇ ಸರಿ. ಮನೆ ಮಂದಿ ಎಲ್ಲ ಸುತ್ತ ಕೂತು ಜೋಡಿಸುವುದಾದರೆ ಅವನದೇ ಬೆಕ್ಕುಗಳ ಚಿತ್ರ ಹುಡುಕಿ. ತೊಕೈಡೊ ಹೆದ್ದಾರಿಯ 53 ತಂಗುದಾಣಗಳ ಹೆಸರನ್ನು ಬೆಕ್ಕುಗಳ ಭಂಗಿಯಲ್ಲಿ ಹೇಳುವ ಚಿತ್ರ ಅದು. ಐವತ್ತಕ್ಕೂ ಹೆಚ್ಚು ಬೆಕ್ಕುಗಳಿವೆ. ಒಬ್ಬೊಬ್ಬರು ಒಂದೊಂದು ಬೆಕ್ಕು ಹಿಡಿದುಕೊಳ್ಳಬಹುದು.

ಉತಾಮಾರೋನ ಹೆಂಗಸರು, ಶರಾಕು 1794ರಲ್ಲಿ ಬರೆದ ಕಬುಕಿ ನಾಟಕದ ನಟರ ಮುಖಗಳು, ಇವನ್ನು ಪಜಲ್ ಆಗಿ ನಾನು ಯಾರಿಗೂ ಹೇಳುವುದಿಲ್ಲ. ಮೂಲದಲ್ಲಿ ಆ ಮುಖಗಳ ಹಿಂದೆ ಅಭ್ರಕದ ಪುಡಿ ಹಾಕಿ ಒತ್ತಿರುತ್ತಾರೆ. ಬೆಳಕಿಗೆ ಹಿಡಿದರೆ ಅದು ಮಿನುಗುತ್ತದೆ. ಪಜಲ್ಲಿನಲ್ಲಿ ಆ ಮಿನುಗು ಬೂದು ಬಣ್ಣ ಆಗಿಬಿಡುತ್ತದೆ. ಚಿತ್ರದ ಜೀವವೇ ಹೋದಂತೆ.

ಇಪ್ಪತ್ತನೇ ಶತಮಾನದ ಶಿನ್-ಹಾಂಗಾ ಚಿತ್ರಗಳನ್ನು ಮರೆಯಬೇಡಿ. ಪ್ರಕಾಶಕ ವಾತಾನಾಬೆ ಶೋಜಾಬುರೋ ಹಳೆಯ ಪದ್ಧತಿಯಲ್ಲೇ ಹೊಸ ಚಿತ್ರ ಮಾಡಿಸಿದ ಕಾಲ ಅದು. ಕವಾಸೆ ಹಸುಯಿಯ ಶಿಬಾದ ಜೋಜೋಜಿ ದೇವಾಲಯ, 1925ರದ್ದು, ಕೆಂಪು ಹೆಬ್ಬಾಗಿಲ ಮುಂದೆ ಹಿಮ ಸುರಿಯುವ ಚಿತ್ರ. ಇದರಲ್ಲಿ ಬಣ್ಣದ ಏರಿಳಿತ ಹಳೆಯ ಚಿತ್ರಗಳಿಗಿಂತ ಜಾಸ್ತಿ. ಹಾಗಾಗಿ 500 ತುಂಡಿಗೂ ಬೇಸರ ಆಗುವುದಿಲ್ಲ. ಯೋಶಿದಾ ಹಿರೋಶಿ 1930-31ರಲ್ಲಿ ಭಾರತಕ್ಕೇ ಬಂದು ಹೋದವನು. ತಾಜ್ ಮಹಲ್, ಅಜಂತಾ, ಎಲ್ಲೋರಾ, ಮಧುರೆಯನ್ನು ಮರದಚ್ಚಿಗೆ ತಂದ. ತಾಜ್ ಮಹಲನ್ನು ಹಗಲಲ್ಲೂ ಇರುಳಲ್ಲೂ ತೋರಿಸಿದ. ಅವನ ಭಾರತದ ಚಿತ್ರ ಎಲ್ಲಾದರೂ ಪಜಲ್ ಆಗಿ ಕಂಡರೆ ಬಿಡಬೇಡಿ.

ಅಳತೆ: ದೊಡ್ಡದು ಬೇಕೇ ಬೇಕಾ?

ಕನಗವಾ ಅಲೆ ಎಂದ ಕೂಡಲೇ ಗೋಡೆ ತುಂಬುವ ಚಿತ್ರ ಕಣ್ಣಿಗೆ ಬರುತ್ತದೆ, ಅಲ್ವಾ? ನಿಜಕ್ಕೂ ಅದು ಪುಟ್ಟ ಚಿತ್ರ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಪ್ರತಿಯ ಅಳತೆ 25.7 × 37.9 ಸೆಂಟಿಮೀಟರ್. ಎ3 ಹಾಳೆಗಿಂತ ಸ್ವಲ್ಪ ಚಿಕ್ಕದು. ಓಬಾನ್ ಅನ್ನುವ ಈ ಅಳತೆಯಲ್ಲೇ ಮೇಲೆ ಹೇಳಿದ ಹೆಚ್ಚಿನ ಚಿತ್ರಗಳಿವೆ. ಜನ ಇವನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರು.

ಆದ್ದರಿಂದ ಪಜಲ್ ಕೂಡ ಆ ಅಳತೆಗೆ ಹತ್ತಿರ ಇದ್ದರೆ ಗೆರೆ ಎಷ್ಟು ಸಣ್ಣಗೆ ಕೆತ್ತಿದ್ದರೋ ಅಷ್ಟೇ ಸಣ್ಣಗೆ ಕಾಣುತ್ತದೆ. ಮರದ ಪಜಲ್‌ಗಳಲ್ಲಿ 250ರಿಂದ 300 ತುಂಡಿನವು ಹೆಚ್ಚಾಗಿ ಈ ಅಳತೆಯ ಆಸುಪಾಸಿನಲ್ಲೇ ಇರುತ್ತವೆ. ಅದನ್ನೇ 1000 ತುಂಡು ಮಾಡಲು 70 ಸೆಂಟಿಮೀಟರಿಗೆ ಹಿಗ್ಗಿಸಿದರೆ ಗೆರೆ ದಪ್ಪ ಆಗುತ್ತದೆ, ಆಕಾಶ ಇನ್ನೂ ಖಾಲಿ ಆಗುತ್ತದೆ. 250 ಅಂದರೆ ಮಕ್ಕಳದು ಅಂತ ಸುಮ್ನೆ ತಳ್ಳಿಹಾಕಬೇಡಿ. ಮರದ 250 ತುಂಡಿಗೆ ರಟ್ಟಿನ 500 ತುಂಡಿನಷ್ಟು ಹೊತ್ತು ಹಿಡಿಯುವುದು ನನ್ನ ಅನುಭವ. ಕುನಿಯೋಶಿಯ ಮೂರು ಹಾಳೆಯ ಚಿತ್ರ ಮಾತ್ರ ಮೂಲದಲ್ಲೇ ಸುಮಾರು 75 ಸೆಂಟಿಮೀಟರ್ ಅಗಲ. ಅದಕ್ಕೆ 750, 1000 ಎಲ್ಲ ಒಪ್ಪುತ್ತದೆ.

ಅಂಚು ಕತ್ತರಿಸಿದ್ದಾರಾ ಅಂತಲೂ ನೋಡಿ. ಅಲೆಯ ಎಡ ಮೇಲ್ಭಾಗದಲ್ಲಿ ಚೌಕದೊಳಗೆ ಸರಣಿಯ ಹೆಸರು, ಪಕ್ಕದಲ್ಲಿ ಹೊಕುಸಾಯ್ ಸಹಿ ಇದೆ. ಹಿರೋಶಿಗೆಯಲ್ಲಿ ಬಣ್ಣದ ಶೀರ್ಷಿಕೆ ಪಟ್ಟಿ ಇರುತ್ತದೆ. ತಮ್ಮ ಚೌಕಟ್ಟಿಗೆ ಹೊಂದಿಸಲು ಇವನ್ನು ಕತ್ತರಿಸಿದ ಪಜಲ್ ನನಗೆ ಬೇಡ. ಆ ಅಕ್ಷರಗಳೂ ಕೆತ್ತಿದ ಚಿತ್ರವೇ. ಜೋಡಿಸುವಾಗ ಅವು ಕೊಡುವ ಸಂತೋಷವೇ ಬೇರೆ.

ಕತ್ತರಿಸಿದ ಬಗೆ

ಈಗ ನಿಜವಾದ ಹೋಲಿಕೆ ಇರುವುದು ಇಲ್ಲಿ. ಮರದ ಪಜಲ್ ಕತ್ತರಿಸುವುದು ಎರಡು ದಾರಿಯಲ್ಲಿ. ಒಂದು ಲೇಸರ್, ಇನ್ನೊಂದು ಕೈಯ ಗರಗಸ.

ಲೇಸರಿನಲ್ಲಿ ಸೀಳು ಕೂದಲೆಳೆಯಷ್ಟು ತೆಳು. ತುಂಡುಗಳು ಬಿಗಿಯಾಗಿ ಕೂಡುತ್ತವೆ, ಜೋಡಿಸಿದ ಮೇಲೆ ಚಿತ್ರ ಅಖಂಡ ಕಾಣುತ್ತದೆ. ಸುಟ್ಟ ಅಂಚು ಕಂದು ಇರುತ್ತದೆ. ಡಬ್ಬಿ ತೆರೆದಾಗ ಹೊಗೆಯ ವಾಸನೆ ಬರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಎರಡು ದಿನ ಗಾಳಿಗಿಟ್ಟರೆ ಹೋಗುತ್ತದೆ. ಲೇಸರಿನಿಂದ ಬೇಕಾದ ಆಕಾರ ಬಿಡಿಸಬಹುದಾದ್ದರಿಂದ ಹಕ್ಕಿ, ಕೊಡೆ, ಮೀನು, ಮನುಷ್ಯರ ಆಕಾರದ ತುಂಡುಗಳನ್ನು ನಡುನಡುವೆ ಇಡುತ್ತಾರೆ. ವಿಮ್ಸಿ ಅನ್ನುತ್ತಾರೆ ಇವಕ್ಕೆ. ಖಾಲಿ ಆಕಾಶದಲ್ಲಿ ಇವೇ ಕೈಹಿಡಿಯುವುದು. ಕೊಕ್ಕರೆ, ಬೀಸಣಿಗೆ, ದೋಣಿ ಹೀಗೆ ಚಿತ್ರದ ಲೋಕಕ್ಕೆ ಸೇರಿದ ಆಕಾರಗಳನ್ನು ಯೋಚಿಸಿ ಇಟ್ಟವರ ಪಜಲ್‌ಗೆ ನಾನು ಸ್ವಲ್ಪ ಹೆಚ್ಚು ದುಡ್ಡು ಕೊಡಲೂ ಸಿದ್ಧ. ಎಲ್ಲ ಚಿತ್ರಕ್ಕೂ ಅದೇ ಆನೆ, ಅದೇ ಕಾರು, ಅದೇ ಕ್ರಿಸ್‌ಮಸ್ ಮರ ಇಟ್ಟಿದ್ದರೆ ಮನಸ್ಸಿಗೆ ಒಗ್ಗುವುದಿಲ್ಲ.

ಗರಗಸದಲ್ಲಿ ಸೀಳು ತುಸು ಅಗಲ. ತುಂಡು ಸ್ವಲ್ಪ ಸಡಿಲ. ಬೆಲೆ ಬಹಳ ಜಾಸ್ತಿ. ಆದರೆ ಕೈಯಲ್ಲಿ ಕತ್ತರಿಸುವವರು ಬಣ್ಣದ ಗಡಿ ಹಿಡಿದು ಗರಗಸ ಓಡಿಸುತ್ತಾರೆ. ನೀಲಿ ಮುಗಿದು ಬಿಳಿ ಶುರುವಾಗುವ ಕಡೆಯಲ್ಲೇ ತುಂಡೂ ಮುಗಿಯುತ್ತದೆ. ಆಗ ಒಂದು ತುಂಡಿನಲ್ಲಿ ಒಂದೇ ಬಣ್ಣ. ಪಕ್ಕದ ತುಂಡು ಯಾವುದು ಅನ್ನುವುದಕ್ಕೆ ಬಣ್ಣದ ಸುಳಿವೇ ಇಲ್ಲ. ತುಂಬಾ ಕಷ್ಟ. ಆದರೂ ಉಕಿಯೊ-ಎಗೆ ಇದಕ್ಕಿಂತ ಒಪ್ಪುವ ಕತ್ತರಿಕೆ ಇಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಯಾಕೆ ಗೊತ್ತಾ? ಇನ್ನೂರು ವರ್ಷದ ಹಿಂದೆ ಎಡೊದ ಕೆತ್ತನೆಯವನು ಚೆರಿ ಮರದ ಹಲಗೆ ಮೇಲೆ ಚಾಕು ಓಡಿಸಿದ್ದೂ ಇದೇ ಗೆರೆಯ ಗುಂಟ. ಚಿತ್ರದ ಮೇಲೆ ಕಲಾವಿದನ ಸಹಿ ಇರುತ್ತದೆ, ಪ್ರಕಾಶಕನ ಗುರುತು ಇರುತ್ತದೆ. ಕೆತ್ತಿದವನ ಹೆಸರು ಇರುವುದು ಅಪರೂಪ. ನೊರೆಯ ಅಂಚಿನಂತೆಯೇ ಕತ್ತರಿಸಿದ ತುಂಡನ್ನು ಬೆರಳಲ್ಲಿ ಸವರಿದಾಗ ಆ ಹೆಸರಿಲ್ಲದವನ ಕೈ ನೆನಪಾಗುತ್ತದೆ.

ತುಂಡು ಒಂದಕ್ಕೊಂದು ಸಿಕ್ಕಿಕೊಳ್ಳುತ್ತದಾ ಅಂತ ಕೇಳಿ ತಿಳಿದುಕೊಳ್ಳಿ. ಹಳೆಯ ಶೈಲಿಯವು ಬರೀ ಪಕ್ಕ ಪಕ್ಕ ಕೂರುತ್ತವೆ. ಮೇಜು ಅಲುಗಿದರೆ ಎಲ್ಲ ಜರುಗುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳು ಇದ್ದರೆ ಸಿಕ್ಕಿಕೊಳ್ಳುವಂಥದ್ದೇ ವಾಸಿ.

ಪ್ಲೈವುಡ್ಡಾ, ಎಂಡಿಎಫ್ಫಾ?

ಪ್ಲೈವುಡ್. ನಮ್ಮ ಹವೆಗೆ ಇದರಲ್ಲಿ ಎರಡು ಮಾತಿಲ್ಲ. ಎಂಡಿಎಫ್ ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ. ಅಗ್ಗ, ಸಪಾಟು, ಕತ್ತರಿಸಲು ಸುಲಭ. ಒಂದು ಆಷಾಢದಲ್ಲಿ ಶಿರಸಿಯ ಅಕ್ಕನ ಮನೆಗೆ ಅಂಥದ್ದೊಂದನ್ನು ತಗೊಂಡು ಹೋಗಿದ್ದೆ. ವಾರದೊಳಗೆ ತುಂಡುಗಳ ಅಂಚು ಉಬ್ಬಿ, ಪಕ್ಕದ್ದಕ್ಕೆ ಹೋಗಲೇ ಇಲ್ಲ. ಒತ್ತಿ ಕೂರಿಸಲು ಹೋದಾಗ ಮೇಲಿನ ಕಾಗದ ಎದ್ದು ಬಂತು. ಬಿಸಿಲಿಗೆ ಇಟ್ಟರೂ ಮೊದಲಿನಂತೆ ಆಗಲಿಲ್ಲ. ಕರಾವಳಿ, ಮಲೆನಾಡಿನವರು ಎಂಡಿಎಫ್ ಬಿಟ್ಟುಬಿಡಿ. ಬೆಂಗಳೂರು, ಬಯಲುಸೀಮೆಯಲ್ಲಿ ನಡೆಯುತ್ತದೆ.

ದಪ್ಪ 3ರಿಂದ 6 ಮಿಲಿಮೀಟರ್ ತನಕ ಇರುತ್ತದೆ. 5, 6 ಇದ್ದರೆ ಹಿಡಿಯಲು ಸುಖ. ವಯಸ್ಸಾದವರ ಬೆರಳಿಗೆ ಇದು ದೊಡ್ಡ ವ್ಯತ್ಯಾಸ ಮಾಡುತ್ತದೆ.

ಮುದ್ರಣದ ವಿಷಯಕ್ಕೆ ಬಂದರೆ, ಕಾಗದಕ್ಕೆ ಅಚ್ಚು ಹಾಕಿ ಹಲಗೆಗೆ ಅಂಟಿಸಿದ್ದು ಒಳ್ಳೆಯದು. ನೇರ ಮರದ ಮೇಲೇ ಮುದ್ರಿಸಿದ್ದರಲ್ಲಿ ಬಣ್ಣ ಮಂಕಾಗುತ್ತದೆ. ಹೊಳಪಿನ ಲ್ಯಾಮಿನೇಷನ್ ಬೇಡವೇ ಬೇಡ. ಜಪಾನಿನ ವಾಶಿ ಕಾಗದಕ್ಕೆ ಹೊಳಪಿಲ್ಲ, ಬಣ್ಣ ಅದರೊಳಗೆ ಇಳಿದಿರುತ್ತದೆ. ಮ್ಯಾಟ್ ಇದ್ದರೆ ಆ ಭಾವ ಸ್ವಲ್ಪವಾದರೂ ಉಳಿಯುತ್ತದೆ. ನೀಲಿಯನ್ನು ಗಮನಿಸಿ. ಹೊಕುಸಾಯ್ ಬಳಸಿದ್ದು ಯುರೋಪಿನಿಂದ ಬಂದ ಪ್ರಷ್ಯನ್ ನೀಲಿ. ಅದು ಆಳವಾದ, ತಣ್ಣನೆಯ ನೀಲಿ. ಪರದೆಯ ಮೇಲೆ ಎದ್ದು ಕಾಣಲಿ ಅಂತ ಕಣ್ಣಿಗೆ ಹೊಡೆಯುವ ನೀಲಿ ಮಾಡಿದ್ದರೆ ಆ ಪಜಲ್ ಬಿಡಿ. ಯಾವ ಮ್ಯೂಸಿಯಮ್ಮಿನ ಪ್ರತಿಯಿಂದ ತೆಗೆದದ್ದು ಅಂತ ಹೇಳುವ ತಯಾರಕರನ್ನು ನಾನು ಹೆಚ್ಚು ನಂಬುತ್ತೇನೆ.

ಯಾರದ್ದು?

ಇಂಗ್ಲೆಂಡಿನ ವಿಲ್ಟ್‌ಶೈರಿನ ವೆಂಟ್‌ವರ್ತ್ 1994ರಿಂದ ಮಾಡುತ್ತಿದೆ. ತೆಳು ಹಲಗೆ, ಲೇಸರ್, ವಿಮ್ಸಿ ತುಂಡುಗಳು. ಒಂದೇ ಚಿತ್ರ ಹಲವು ಅಳತೆಯಲ್ಲಿ ಸಿಗುವುದು ಇವರ ಅನುಕೂಲ. ಮೊದಲ ಪಜಲ್‌ಗೆ, ಉಡುಗೊರೆಗೆ ಒಳ್ಳೆಯದು. ಅಮೆರಿಕದ ಕೊಲರಾಡೊದ ಲಿಬರ್ಟಿಯವರದ್ದು ಕಾಲು ಇಂಚಿನ ಮೇಪಲ್ ಪ್ಲೈವುಡ್. ತುಂಡುಗಳ ವಿನ್ಯಾಸ ಬಹಳ ಸೂಕ್ಷ್ಮ. ಖಾಲಿ ಆಕಾಶದ ಚಿತ್ರಗಳಿಗೆ ಇಂಥ ಕತ್ತರಿಕೆಯೇ ಬೇಕು. ಆರ್ಟಿಫ್ಯಾಕ್ಟ್ ಕೂಡ ಅಮೆರಿಕದ್ದೇ. ಅವರಿಗೆ ಬಾಡಿಗೆ ಕ್ಲಬ್ಬೂ ಇದೆ, ಜೋಡಿಸಿ ವಾಪಸ್ ಕಳಿಸಬಹುದು. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಒಳ್ಳೆಯ ದಾರಿ. ಕೈಗರಗಸದ ಕೆಲಸ ಬೇಕು ಅಂದರೆ ಪ್ಯಾರಿಸಿನ ಮಿಶೆಲ್ ವಿಲ್ಸನ್. 1974ರಿಂದ ಇರುವ ವರ್ಮಾಂಟಿನ ಸ್ಟೇವ್ ಕೂಡ ಕೈಯಲ್ಲೇ ಕತ್ತರಿಸುತ್ತದೆ, ಆದರೆ ಅದರ ಬೆಲೆ ಸಾವಿರಾರು ಡಾಲರ್ ತನಕ ಹೋಗುತ್ತದೆ.

ಭಾರತಕ್ಕೆ ತರಿಸುವುದಾದರೆ ಸಾಗಣೆ ಮತ್ತು ಸುಂಕ ಸೇರಿಸಿಯೇ ಲೆಕ್ಕ ಹಾಕಿ. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಊರಿಗೆ ಬರುವ ನೆಂಟರ ಪೆಟ್ಟಿಗೆಯಲ್ಲಿ ಒಂದು ಪಜಲ್‌ಗೆ ಜಾಗ ಕೇಳಿ.

ಮರವೇ ಬೇಕು ಅಂತ ಹಟ ಇಲ್ಲದಿದ್ದರೆ ಜಪಾನಿನ ರಟ್ಟಿನ ಪಜಲ್ ನೋಡಿ. ಬೆವರ್ಲಿ, ಎಪೊಕ್, ಯಾನೊಮಾನ್ ಇವರೆಲ್ಲ ಹೆಸರಾದವರು. ಅಲ್ಲಿ 300 ತುಂಡಿನ ಮಾಮೂಲಿ ಅಳತೆಯೇ 26 × 38 ಸೆಂಟಿಮೀಟರ್. ಅಂದರೆ ಹೆಚ್ಚುಕಡಿಮೆ ಓಬಾನ್ ಅಳತೆಯೇ! ಮೂಲದಷ್ಟೇ ದೊಡ್ಡ ಅಲೆ ಕಡಿಮೆ ದುಡ್ಡಿಗೆ ಕೈಗೆ ಸಿಗುತ್ತದೆ. ಮರದ ತುಂಡು ಕೂಡುವಾಗ ಬರುವ ಆ ಟಿಕ್ ಸದ್ದು ಮಾತ್ರ ಸಿಗುವುದಿಲ್ಲ.

ಇನ್ನೊಂದು ದಾರಿ ಇದೆ, ನಾನು ಈಚೆಗೆ ಹಿಡಿದದ್ದು. ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ಹಕ್ಕು ಮುಗಿದ ಚಿತ್ರಗಳನ್ನು ಯಾರು ಬೇಕಾದರೂ ಬಳಸಲು ಬಿಟ್ಟಿದೆ. ಹೊಕುಸಾಯ್, ಹಿರೋಶಿಗೆ ಇಬ್ಬರೂ ಅದರಲ್ಲಿದ್ದಾರೆ. ದೊಡ್ಡ ಫೈಲ್ ಇಳಿಸಿಕೊಳ್ಳಿ. ಓಬಾನ್ ಅಳತೆಗೆ ಉದ್ದದಲ್ಲಿ 4500 ಪಿಕ್ಸೆಲ್ ಹತ್ತಿರ ಇದ್ದರೆ ಸಾಕು. ಮ್ಯಾಟ್ ಕಾಗದದಲ್ಲಿ ಮುದ್ರಿಸಿ, 5 ಮಿಲಿಮೀಟರ್ ಬರ್ಚ್ ಪ್ಲೈವುಡ್ಡಿಗೆ ಗುಳ್ಳೆ ಬರದಂತೆ ಅಂಟಿಸಿ, ಒಂದು ರಾತ್ರಿ ಭಾರ ಹೇರಿಡಿ. ಬೆಂಗಳೂರಿನಲ್ಲಿ ಲೇಸರ್ ಕತ್ತರಿಸಿ ಕೊಡುವ ಅಂಗಡಿಗಳಿಗೆ ಕೊರತೆ ಇಲ್ಲ. ಹೊಗೆ ಹಿಡಿಯದಿರಲು ಚಿತ್ರದ ಮೇಲೆ ಮಾಸ್ಕಿಂಗ್ ಫಿಲ್ಮ್ ಹಾಕಿಸಲು ಮರೆಯಬೇಡಿ. ಮೊದಲು ಒಂದು ಅಂಗೈ ಅಗಲದ ಚೂರು ಕತ್ತರಿಸಿ ನೋಡಿ, ಬಿಗಿ ಸಾಕಾ ಅಂತ. ನನ್ನ ಮಳೆ ಸೇತುವೆಗೆ ತುಂಡುಗಳ ಗೆರೆಯನ್ನು ನಾನೇ ಬಿಡಿಸಿದೆ. ಮಳೆ ಬೀಳುವ ಓರೆಯಲ್ಲೇ ಬಿಡಿಸಿದೆ. ಈಗ ಅದು ಬಟ್ಟೆಚೀಲದಲ್ಲಿ, ಎರಡು ಪೊಟ್ಟಣ ಸಿಲಿಕಾ ಜೆಲ್ ಜೊತೆ, ಅಕ್ಕನ ಮನೆಯ ಕಪಾಟಿನಲ್ಲಿದೆ. ಹೋದ ಮಳೆಗಾಲ ಅಲ್ಲೇ ಕಳೆಯಿತು, ಒಂದು ತುಂಡೂ ಉಬ್ಬಲಿಲ್ಲ.